ಹೊಳೆಯ ದಂಡೆಯ ಹಾದಿಗಳು: ಬೈಸಿಕಲ್ ಸಂಚಾರದ ಒಂದು ಪಾಠ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬೈಸಿಕಲ್ಲಿನ ವಿಷಯವಾಗಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಪ್ರಬಂಧಕ್ಕೆ ಯೋಗ್ಯವಾದ ಇತರ ಘನವಿಷಯಗಳು ಇಲ್ಲವೇ ಎಂದು ಹಿರಿಯರು ಕೇಳಲೂಬಹುದು. ಆದರೆ ನಾವು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಒಂದು ಕಾರಣ ಉಂಟು.

ನಾಲೆಯ ಸೀಮೆಯ ಒಂದು ಹಳ್ಳಿಯಿಂದ ಒಬ್ಬ ತಂದೆಯು ಬೇಸಗೆಯ ರಜೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದರು. ಅವರ ಮಗಳು ನಮ್ಮಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಊರಿಗೆ ಆರು ಕಿಲೋಮೀಟರು ದೂರದ ಕಾಲೇಜಿಗೆ ಸೇರಬೇಕಾಗಿತ್ತು. ಬೆಳಗಿನ ಬಸ್ಸು ತೀರ ಮುಂಚೆ ಬರುವುದು; ಸಂಜೆಯ ಬಸ್ಸಿನ ಭರವಸೆ ಇಲ್ಲ. “ಅಮ್ಮಾ, ಹುಡುಗಿಗೆ ಸೈಕಲ್ ಕೊಡಿಸಿಬಿಟ್ಟಿದ್ದೇನೆ. ಆದರೆ ಆ ನಾಲೆಯ ರಸ್ತೆಯನ್ನು ನೆನೆದರೆ ನನ್ನ ಕೈಕಾಲು ನಡುಗುತ್ತದೆ. ಕಳುಹಿಸಲೋ ಬೇಡವೋ, ನೀವೇ ಹೇಳಿರಿ” ಎಂದರು. ಕಳುಹಿಸಿರಿ ಎಂದು ಹೇಳುವುದು ಸುಲಭ. ಬೇಡವೆಂದು ಹೇಳುವುದು ಇನ್ನೂ ಸುಲಭ. ನಾವು ಆ ದಿನ ಒಡನೆಯೇ ಉತ್ತರ ಕೊಡಲಾರದೆ ಹೋದೆವು. ಈ ಪಾಠವು ಆ ಪ್ರಶ್ನೆಯಿಂದ ಹುಟ್ಟಿದುದು.

ಶ್ರೀರಂಗಪಟ್ಟಣದ ಸುತ್ತಲಿನ ಕಾವೇರಿಯ ಬಯಲನ್ನು ನಾವು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅಲ್ಲಿ ಸಮತಟ್ಟಾದ ಹಾದಿಗಳೂ ಗದ್ದೆಗಳ ನಡುವಿನ ನಿಶ್ಶಬ್ದವಾದ ಓಣಿಗಳೂ ಬೇಕಾದಷ್ಟು ಉಂಟು. ಎಚ್ಚರಿಕೆಯಿಂದ ಇರತಕ್ಕ ಸ್ಥಳಗಳೂ ಉಂಟು. ಎರಡನ್ನೂ ಕಲಿಯುವವರಿಗೆ ಅದು ಒಳ್ಳೆಯ ಪಾಠಶಾಲೆ.

1. ನೆಲವು ಸಮತಟ್ಟಾಗಿರುವುದು ಏಕೆ?

ಬೈಸಿಕಲ್ ಸವಾರರಿಗೆ ನೆಲದ ಏರಿಳಿತವೇ ಮೊದಲನೆಯ ವಿಚಾರ. ಮೋಟಾರಿನಲ್ಲಿ ಕುಳಿತವರ ಕಣ್ಣಿಗೆ ಕಾಣದ ಏರು ಬೈಸಿಕಲ್ಲಿನವರ ಮೊಣಕಾಲಿಗೆ ತಿಳಿಯುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು. ಮೈಸೂರಿಗಿಂತ ಶ್ರೀರಂಗಪಟ್ಟಣವು ಸುಮಾರು 80 ಮೀಟರು ತಗ್ಗಿನಲ್ಲಿದೆ. ಆದುದರಿಂದ ಹೋಗುವಾಗ “ಎಷ್ಟು ಸುಲಭ!” ಎಂದು ಉಬ್ಬಿದವರು, ಹಿಂದಿರುಗುವಾಗ ಬಿಸಿಲು ಏರಿದ ಮೇಲೆ ಅದೇ ಹಾದಿಯಲ್ಲಿ ಏದುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಬಲದ ಅರ್ಧಕ್ಕಿಂತ ಹೆಚ್ಚನ್ನು ಹಿಂದಿರುಗುವ ಪಯಣಕ್ಕೆ ಉಳಿಸಿಕೊಳ್ಳತಕ್ಕದ್ದೆಂಬುದು ಇದರಿಂದ ಕಲಿಯುವ ಮೊದಲನೆಯ ನಿಯಮ.

ಗಂಗೆಯ ಬಯಲು ಹೊಳೆಯು ತಂದು ಹಾಸಿದ ಮಣ್ಣಿನ ಬಯಲು. ಕಾವೇರಿಯ ಈ ಬಯಲು ಅಂತಹದಲ್ಲ. ಇಲ್ಲಿ ನದಿಯು ಹಳೆಯ ಕಗ್ಗಲ್ಲಿನ ನೆಲವನ್ನು ಸವೆಯಿಸಿ, ಬಂಡೆಗಳ ನಡುವೆ ಕವಲೊಡೆದು, ಅಗಲವಾದ ತಗ್ಗಿನಲ್ಲಿ ಹರಿಯುತ್ತದೆ. ಆ ತಗ್ಗನ್ನು ಗದ್ದೆಯಾಗಿ ಮಾಡಿದವರು ಮನುಷ್ಯರು. ಅದಕ್ಕೆ ಅವರ ಸಾಧನ ಕಾಲುವೆ. ಕಾಲುವೆಯ ನೀರಿಗೆ ಏರು ಹತ್ತುವ ಶಕ್ತಿ ಇಲ್ಲ. ಅತಿಯಾಗಿ ಇಳಿದರೆ ದಂಡೆ ಕೊರೆದುಹೋಗುವುದು. ಆದಕಾರಣ ಅದನ್ನು ತೋಡುವವರು ಗುಡ್ಡಗಳ ಬುಡವನ್ನು ಬಳಸಿಕೊಂಡು, ಒಂದೇ ಮಟ್ಟವನ್ನು ಹಿಡಿದು, ಅತ್ಯಲ್ಪವಾದ ಇಳಿಜಾರಿನಲ್ಲಿ ಒಯ್ಯುತ್ತಾರೆ. ಅದರ ಏರಿಯ ಮೇಲಿನ ಹಾದಿಯು ಹಾವಿನಂತೆ ಡೊಂಕಾಗಿ ಹೋದರೂ ಏರು ಇಳಿವು ಇಲ್ಲದೆ ಸಾಗುತ್ತದೆ. ಹಳ್ಳಿಯ ನೇರದಾರಿ ಮೂರು ಕಿಲೋಮೀಟರು, ನಾಲೆಯ ಏರಿಯ ದಾರಿ ಐದು ಕಿಲೋಮೀಟರು ಆದರೂ, ಬೈಸಿಕಲ್ಲಿನವರು ಕೆಲವು ಸಾರಿ ಎರಡನೆಯದನ್ನೇ ಹಿಡಿಯುವುದರ ಗುಟ್ಟು ಇದೇ.

ಪರದೇಶಗಳಲ್ಲಿಯೂ ಸಂಗತಿ ಹೀಗೆಯೇ. ಜರ್ಮನಿಯ ಪಾಸೌ ನಗರದಿಂದ ಆಸ್ಟ್ರಿಯದ ವಿಯೆನ್ನಾ ವರೆಗೆ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಹೋಗುವ ಪ್ರಸಿದ್ಧವಾದ ಬೈಸಿಕಲ್ ಹಾದಿಯು 300 ಕಿಲೋಮೀಟರಿಗೂ ಉದ್ದವಾದುದು. ಹಿಂದೆ ಹೊಳೆಗೆ ಎದುರಾಗಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳ ದಾರಿಯೇ ಅದರಲ್ಲಿ ಬಹುಭಾಗ. ಅಲ್ಲಿ ದೋಣಿ, ಇಲ್ಲಿ ಗದ್ದೆ. ನೀರಿನ ಕೆಲಸಕ್ಕಾಗಿ ಆದ ಹಾದಿಯು ಬೈಸಿಕಲ್ಲಿಗೂ ಒದಗಿತು.

2. ಮೊದಲನೆಯ ಹಾದಿ: ದ್ವೀಪದೊಳಗೆ

ಹೊಸದಾಗಿ ಕಲಿತವರು ದೂರ ಹೋಗಬೇಕಾದುದಿಲ್ಲ. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಪಡುವಣದಿಂದ ಮೂಡಣಕ್ಕೆ ಅದರ ಉದ್ದ ಸುಮಾರು 5 ಕಿಲೋಮೀಟರು. ಪಡುವಣ ತುದಿಯಲ್ಲಿ ಕೋಟೆಯೂ ರಂಗನಾಥನ ಗುಡಿಯೂ ಇವೆ. ಟೀಪೂ ಸುಲ್ತಾನನು 1799ನೆಯ ಮೇ 4ರಂದು ಮಡಿದುದು ಈ ಕೋಟೆಯೊಳಗೆ. ಮೂಡಣಕ್ಕೆ ಹೊರಟರೆ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬಾಗು, ಅಂಜೂರದ ತೋಟಗಳಿಂದ ಹೆಸರುಪಡೆದ ಗಂಜಾಮು, ಹೈದರನೂ ಟೀಪುವೂ ಒರಗಿರುವ ಗುಂಬಜ್, ಕಡೆಗೆ ಎರಡು ಕವಲುಗಳು ಕೂಡುವ ಸಂಗಮ ಸಿಕ್ಕುತ್ತವೆ. ಹೋಗಿ ಬರುವುದಕ್ಕೆ ಎಲ್ಲವೂ ಸೇರಿ 10 ಕಿಲೋಮೀಟರಿನ ಒಳಗೆ ಅಥವಾ ಅದರ ಆಸುಪಾಸು. ನಿಂತು ನಿಂತು ನೋಡಿದರೂ ಅರ್ಧ ದಿನ ಸಾಕು.

ಈ ಹಾದಿಯಲ್ಲಿ ಏರು ಬಹು ಕಡಿಮೆ, ಆದರೆ ರಜೆಯ ದಿನಗಳಲ್ಲಿ ಜನ ಬಹಳ. ಯಾತ್ರಿಕರ ಬಸ್ಸುಗಳು ಇಕ್ಕಟ್ಟಾದ ರಸ್ತೆಯಲ್ಲಿ ಒತ್ತಿಕೊಂಡು ಬರುತ್ತವೆ. ವಾರದ ಮಧ್ಯೆ ಬೆಳಿಗ್ಗೆ ಹೊತ್ತು ಮೂಡುತ್ತಲೇ ಹೋದವರಿಗೆ ಬೇರೆಯೇ ಒಂದು ಊರು ಕಾಣುವುದು. ಬಟ್ಟೆ ಒಗೆಯುವವರ ಸದ್ದು, ಆಚೆಯ ದಡದ ಕರೀಘಟ್ಟದ ಮೇಲಿನ ಎಳೆ ಬಿಸಿಲು, ಲೋಕಪಾವನಿಯು ಕಾವೇರಿಯನ್ನು ಕೂಡುವ ಕಡೆಯಿಂದ ಏಳುವ ಮಂಜು, ಇವೇ ಆಗ ಜೊತೆಗಾರರು. ನದಿಯ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೋಡದೆ ಹಿಂದಿರುಗಬಾರದು. ಕಲ್ಲಿನ ಕಂಬಗಳ ಆ ಸೇತುವೆಯು ಎರಡು ನೂರು ವರ್ಷಗಳ ಮಹಾಪೂರಗಳನ್ನು ಕಂಡಿದೆ.

3. ಎರಡನೆಯ ಹಾದಿ: ರಂಗನತಿಟ್ಟಿನಿಂದ ಕನ್ನಂಬಾಡಿಗೆ

ಒಂದೆರಡು ವಾರ ಅಭ್ಯಾಸವಾದ ಮೇಲೆ ಪಡುವಣಕ್ಕೆ ಹೊರಡಬಹುದು. ಪಾಲಹಳ್ಳಿ, ಬೆಳಗೊಳಗಳ ಕಡೆಯಿಂದ ಕೃಷ್ಣರಾಜಸಾಗರಕ್ಕೆ ಹೋಗುವ ಈ ಹಾದಿಯು ಒಂದು ಕಡೆಗೆ ಸುಮಾರು 18 ಕಿಲೋಮೀಟರು. ಮೊದಲ ನಿಲ್ದಾಣ ರಂಗನತಿಟ್ಟು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯ ದೆಸೆಯಿಂದ ಇಲ್ಲಿ ತಿಟ್ಟುಗಳು ಉಂಟಾದುವು. ಆ ಕಾಲದ ಬಂಗಾರದೊಡ್ಡಿ ನಾಲೆಯು ಹೊಳೆಯ ಕವಲನ್ನೇ ಮೇಲ್ಗಾಲುವೆಯಾಗಿ ದಾಟಿ ದ್ವೀಪಕ್ಕೆ ನೀರನ್ನು ಒಯ್ಯುತ್ತದೆ. ನೀರಿನ ಮೇಲೆ ನೀರು ನಡೆಯುವ ಈ ಉಪಾಯವನ್ನು ಮಕ್ಕಳಿಗೆ ತೋರಿಸಿದರೆ ಪುಸ್ತಕದ ಹತ್ತು ಪುಟ ಓದಿಸಿದ ಹಾಗಾಗುವುದು.

1940ರಲ್ಲಿ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಈ ತಿಟ್ಟುಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಮೈಸೂರಿನ ಮಹಾರಾಜರಿಗೆ ತಿಳಿಸಿ, ಇದನ್ನು ಪಕ್ಷಿಧಾಮವಾಗಿ ಮಾಡಿಸಿದರು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳನ್ನು ಇಲ್ಲಿ ಕಾಣಬಹುದು. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯನ್ನೂ ಕಾಣಬಹುದು. ಈ ಕಾರಣದಿಂದ, ನೀರು ಎಷ್ಟೇ ತಿಳಿಯಾಗಿ ತೋರಿದರೂ ಬಿಸಿಲಲ್ಲಿ ಬಂದವರು ಕಾಲು ತೊಳೆಯುವೆವೆಂದು ಹೊಳೆಗೆ ಇಳಿಯಬಾರದು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚಾಗಿ ನೀರನ್ನು ಬಿಟ್ಟಾಗ ಇಲ್ಲಿಯ ದೋಣಿಗಳು ನಿಲ್ಲುತ್ತವೆ.

ಮುಂದೆ ಕನ್ನಂಬಾಡಿ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಈ ಕಟ್ಟೆಯ ಸಂಗಡ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಸೇರಿಕೊಂಡಿರುವುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಕಲ್ಲನ್ನೂ ಸುರ್ಕಿ ಗಾರೆಯನ್ನೂ ಉಪಯೋಗಿಸಿ ಕಟ್ಟಿದ ಇದರ ತುಂಬು ಮಟ್ಟ 124.80 ಅಡಿ. ಮಂಡ್ಯದ ಸೀಮೆಯ ರೈತರು ಮಳೆಗಾಲದಲ್ಲಿ ಪತ್ರಿಕೆಯನ್ನು ಬಿಡಿಸಿದೊಡನೆ ಮೊದಲು ನೋಡುವುದು ಈ ಮಟ್ಟವನ್ನು.

ಗಾಳಿಯ ವಿಷಯವನ್ನು ಇಲ್ಲಿಯೇ ಹೇಳತಕ್ಕದ್ದು. ಆಷಾಢದ ಗಾಳಿಯು ಪಡುವಣದಿಂದ ಬೀಸುವುದನ್ನು ಎಲ್ಲರೂ ಬಲ್ಲರು. ಆ ಕಾಲದಲ್ಲಿ ಪಡುವಣಕ್ಕೆ ಹೋಗುವವರು ಗಾಳಿಯ ಎದುರಿಗೆ ತುಳಿದು, ದಣಿದು ಹಿಂದಿರುಗುವಾಗ ಅದನ್ನು ಬೆನ್ನಿಗೆ ಪಡೆಯುತ್ತಾರೆ. ಕಷ್ಟವನ್ನು ಮೊದಲು, ಸುಖವನ್ನು ಅನಂತರ ಇರಿಸಿಕೊಂಡ ಪಯಣವು ಕ್ಷೇಮವಾಗಿ ಮುಗಿಯುವುದು. ಇದಕ್ಕೆ ವಿರೋಧವಾಗಿ ಗಾಳಿಯು ನೂಕಿದ ಕಡೆಗೆ ಉಲ್ಲಾಸದಿಂದ ಹೋದವರು ಮಧ್ಯಾಹ್ನದ ಬಿಸಿಲಲ್ಲಿ ಗಾಳಿಯೊಡನೆ ಜಗಳವಾಡಬೇಕಾಗುತ್ತದೆ.

4. ಮೂರನೆಯ ಹಾದಿ: ನಾಲೆಯ ಸೀಮೆ

ಕೃಷ್ಣರಾಜಸಾಗರದಿಂದ ಹೊರಟು ಹುಲಿಕೆರೆಯ ಬಳಿ ಸುರಂಗದಲ್ಲಿ ಹಾದು ಪಾಂಡವಪುರ, ಮಂಡ್ಯಗಳ ಕಡೆಗೆ ಹೋಗುವ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿತ್ತು. ಅನಂತರ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ಅದಕ್ಕೂ ಮುಂಚೆ ಒಡೆಯರ ಕಾಲದಲ್ಲಿ ತೋಡಿದ ಚಿಕ್ಕದೇವರಾಜಸಾಗರ ನಾಲೆ ಮೊದಲಾದುವು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಇವುಗಳ ಏರಿಗಳೂ, ಒಂದು ಹಳ್ಳಿಯಿಂದ ಮತ್ತೊಂದಕ್ಕೆ ತೆಂಗಿನ ಸಾಲುಗಳ ನಡುವೆ ಹೋಗುವ ಓಣಿಗಳೂ ಸೇರಿ ಬೈಸಿಕಲ್ಲಿನವರಿಗೆ ಒಂದು ಬಲೆಯಂತೆ ಹರಡಿಕೊಂಡಿವೆ. ಮಾಗಿಯಲ್ಲಿ ಆಲೆಮನೆಗಳ ಹೊಗೆಯೂ ಕಾಯುತ್ತಿರುವ ಬೆಲ್ಲದ ಪರಿಮಳವೂ ದಾರಿಯನ್ನು ತೋರಿಸುತ್ತವೆ. ಕೇಳಿದವರಿಗೆ ಒಂದು ಲೋಟ ಕಬ್ಬಿನ ಹಾಲನ್ನು ಇಲ್ಲವೆನ್ನುವ ಆಲೆಮನೆಯನ್ನು ನಾವು ಇದುವರೆಗೆ ಕಂಡಿಲ್ಲ.

ಇಂತಹ ಬಲೆಯಲ್ಲಿ ದಾರಿ ತಪ್ಪುವುದು ಸುಲಭ. ಬೆಲ್ಜಿಯಂ ದೇಶದ ಲಿಂಬುರ್ಗ್ ಪ್ರಾಂತದಲ್ಲಿ ಹ್ಯೂಗೊ ಬೊಲೆನ್ ಎಂಬ ಗಣಿಯ ಎಂಜಿನಿಯರರು 1995ರಲ್ಲಿ ಇದಕ್ಕೆ ಒಂದು ಉಪಾಯವನ್ನು ಆಚರಣೆಗೆ ತಂದರು. ಹಾದಿಗಳು ಕೂಡುವ ಪ್ರತಿಯೊಂದು ಸ್ಥಳಕ್ಕೂ ಒಂದೊಂದು ಅಂಕೆಯನ್ನು ಕೊಟ್ಟು ಹಲಗೆ ನೆಟ್ಟರು. ಸವಾರರು ನಾಲ್ಕಾರು ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ನಕ್ಷೆ ಬೇಕಾಗದು. ಈ ಪದ್ಧತಿಯು ಬಳಿಕ ನೆದರ್ಲೆಂಡ್ಸ್ ದೇಶಕ್ಕೂ ಹರಡಿತು. ನಮ್ಮಲ್ಲಿ ಅಂಕೆಯ ಹಲಗೆಗಳಿಲ್ಲ. ಆದರೆ ಅರಳಿಕಟ್ಟೆ, ನಾಲೆಯ ಸೇತುವೆ, ಹಾಲಿನ ಡೈರಿ, ಶಾಲೆ, ಗುಡಿ ಇವೆ. ಹೊರಡುವ ಮೊದಲು ಇವುಗಳನ್ನು ಕ್ರಮವಾಗಿ ಬರೆದುಕೊಳ್ಳುವುದನ್ನು ಹುಡುಗಿಯರಿಗೆ ಕಲಿಸಬೇಕು. ಕೈಯಲ್ಲಿರುವ ಫೋನು ದಾರಿ ತೋರಿಸುವುದು ನಿಜ. ಅದರ ಬ್ಯಾಟರಿ ಮುಗಿದಾಗ ಈ ಚೀಟಿ ಉಪಯೋಗಕ್ಕೆ ಬರುವುದು.

ಇನ್ನು ಅಪಾಯದ ಮಾತು. ಇದನ್ನು ಮುಚ್ಚಿಟ್ಟರೆ ಪಾಠವು ಸುಳ್ಳಾಗುವುದು. 2018ನೆಯ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಒಂದು ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮಡಿದರು. ಅವರಲ್ಲಿ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. 2023ರಲ್ಲಿಯೂ ಇದೇ ನಾಲೆಗೆ ಕಾರುಗಳು ಬಿದ್ದು ಪ್ರಾಣಹಾನಿಯಾಯಿತು. ಏರಿಯ ಅಂಚಿಗೆ ತಡೆಗೋಡೆ ಇಲ್ಲದ ಸ್ಥಳಗಳಲ್ಲಿ ಗಾಡಿಯು ಸ್ವಲ್ಪ ಓಲಿದರೂ ನೀರು. ನಾಲೆಯ ಇಳಿಜಾರಾದ ಪಕ್ಕಗಳು ಪಾಚಿಯಿಂದ ಜಾರುವುದರಿಂದ ಈಜು ಬಲ್ಲವರೂ ಹತ್ತಿಬರುವುದು ಕಷ್ಟ. ನಮ್ಮನ್ನು ಕಾಣಬಂದ ಆ ತಂದೆಯ ಕೈಕಾಲು ಏಕೆ ನಡುಗಿತೆಂಬುದನ್ನು ಇದರಿಂದ ತಿಳಿಯಬಹುದು. ಅದು ಹೇಡಿಯ ಭಯವಲ್ಲ, ಬಲ್ಲವರ ಭಯ.

ಆದುದರಿಂದ ನಾಲೆಯ ಸೀಮೆಯಲ್ಲಿ ಈ ಕ್ರಮಗಳನ್ನು ಅನುಸರಿಸತಕ್ಕದ್ದು. ತಡೆಗೋಡೆ ಇಲ್ಲದ ಕಡೆ ಎದುರಿಗೆ ದೊಡ್ಡ ವಾಹನ ಬಂದರೆ ಬೈಸಿಕಲ್ಲಿನಿಂದ ಇಳಿದು, ನೀರಿಗೆ ದೂರವಾದ ಮಗ್ಗುಲಲ್ಲಿ ನಿಂತುಕೊಳ್ಳಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ಇಬ್ಬರು ಜೊತೆಯಾಗಿ ಹೋಗುವಾಗ ಅಕ್ಕಪಕ್ಕದಲ್ಲಿ ಮಾತಾಡುತ್ತಾ ಹೋಗದೆ ಹಿಂದೆ ಮುಂದೆ ಹೋಗಬೇಕು. ಕಬ್ಬಿನ ಕಾಲದಲ್ಲಿ ಟ್ರಾಕ್ಟರುಗಳ ಹೊರೆಯು ರಸ್ತೆಯ ಅರ್ಧಕ್ಕೆ ಚಾಚಿಕೊಂಡಿರುತ್ತದೆ. ಅವುಗಳನ್ನು ಹಿಂದೆ ಹಾಕಲು ಆತುರಪಡಬಾರದು. ಸುಗ್ಗಿಯಲ್ಲಿ ಹುರುಳಿ, ರಾಗಿಗಳನ್ನು ವಾಹನಗಳು ತುಳಿಯಲೆಂದು ರಸ್ತೆಯ ಮೇಲೆ ಹರಡುತ್ತಾರೆ. ಹುರುಳಿಯ ಬಳ್ಳಿ ಚಕ್ರಕ್ಕೂ ಸರಪಳಿಗೂ ಸುತ್ತಿಕೊಂಡು ಸವಾರರನ್ನು ಕೆಡಹುತ್ತದೆ. ಅದರ ಮೇಲೆ ಬೈಸಿಕಲ್ಲನ್ನು ನಡೆಸಿಕೊಂಡೇ ದಾಟಬೇಕು. ನಮ್ಮಲ್ಲಿಯೇ ಒಬ್ಬರು ಇದನ್ನು ಬಿದ್ದು ಕಲಿತರು. ಮೊಣಕೈಯ ಗಾಯ ಒಂದು ತಿಂಗಳು ಮಾಯಲಿಲ್ಲ.

ಬೆಂಗಳೂರು ಮೈಸೂರುಗಳ ನಡುವಿನ ಹೊಸ ಹೆದ್ದಾರಿಯನ್ನು 2023ರಲ್ಲಿ ತೆರೆಯಲಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಸಿಕಲ್ಲು ಮೊದಲಾದ ನಿಧಾನಗಾಮಿ ವಾಹನಗಳನ್ನು ನಿಷೇಧಿಸಿದರು. ಹಳೆಯ ರಸ್ತೆಯೂ ಪಕ್ಕದ ಸೇವಾರಸ್ತೆಗಳೂ ನಮ್ಮ ಪಾಲಿನವು. ವೇಗಕ್ಕಾಗಿ ಮಾಡಿದ ದಾರಿಯಲ್ಲಿ ಬೈಸಿಕಲ್ಲಿಗೆ ಸುಖವೂ ಇಲ್ಲ, ಕ್ಷೇಮವೂ ಇಲ್ಲ.

5. ಹೊರಡುವ ಮೊದಲು

ಬೈಸಿಕಲ್ಲಿನ ಪರೀಕ್ಷೆಗೆ ಐದು ನಿಮಿಷ ಸಾಕು. ಎರಡು ಚಕ್ರಗಳ ಗಾಳಿ, ಎರಡು ಬ್ರೇಕು, ಸರಪಳಿಯ ಎಣ್ಣೆ, ಬೆಲ್ಲು, ಹಿಂದಿನ ಕೆಂಪು ದೀಪ ಇವನ್ನು ಮುಟ್ಟಿ ನೋಡಬೇಕು. ಸೀಟಿನ ಎತ್ತರವನ್ನು ಸರಿಯಾಗಿ ಇಡದಿರುವುದೇ ಮೊಣಕಾಲಿನ ನೋವಿಗೆ ಸಾಮಾನ್ಯ ಕಾರಣ. ಪೆಡಲು ಕೆಳಗೆ ಇರುವಾಗ ಕಾಲು ಬಹುಮಟ್ಟಿಗೆ ನೀಳವಾಗಿರಬೇಕು. ದುಪಟ್ಟಾ, ಸೆರಗುಗಳನ್ನು ಬಿಗಿಯಾಗಿ ಕಟ್ಟದಿದ್ದರೆ ಚಕ್ರವು ಅವನ್ನು ಎಳೆದುಕೊಳ್ಳುತ್ತದೆ. ತಲೆಗೆ ಹೆಲ್ಮೆಟ್ಟು, ಜೊತೆಗೆ ಕುಡಿಯುವ ನೀರು ಇರಲಿ. ಅಭ್ಯಾಸವಿದ್ದವರು ಸಮತಟ್ಟಾದ ನೆಲದಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರು ಹೋಗಬಲ್ಲರು. ಲೆಕ್ಕ ಹಾಕುವಾಗ 10 ಎಂದು ಹಾಕಿದರೆ ಕತ್ತಲಾಗುವ ಮೊದಲೇ ಮನೆ ಸೇರುವರು. ಪಂಚರನ್ನು ತಾವೇ ತಿದ್ದಿಕೊಳ್ಳುವುದನ್ನು ಪ್ರತಿಯೊಬ್ಬ ಹುಡುಗಿಯೂ ಕಲಿಯಬೇಕು. ಅಡಿಗೆ, ಹೊಲಿಗೆಗಳನ್ನು ಕಲಿತ ಕೈಗೆ ಅದು ಕಷ್ಟವಾದ ವಿದ್ಯೆಯಲ್ಲ.

6. ತಂದೆತಾಯಿಗಳಿಗೆ

ಸಮನಾದ ಎರಡು ಚಕ್ರಗಳ, ಸರಪಳಿಯಿಂದ ನಡೆಯುವ ಬೈಸಿಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದರು. 1888ರಲ್ಲಿ ಜಾನ್ ಡನ್ಲಪ್ ಗಾಳಿ ತುಂಬಿದ ಟೈರನ್ನು ಪ್ರಯೋಗಕ್ಕೆ ತಂದರು. ಅಲ್ಲಿಂದ ಮುಂದೆ ಹತ್ತು ವರ್ಷಗಳೊಳಗೆ ಅದು ಹೆಂಗಸರ ಕೈಗೆ ಬಂದಿತ್ತು. ಮದ್ಯಪಾನ ನಿಷೇಧಕ್ಕಾಗಿ ದುಡಿದ ಅಮೆರಿಕದ ಫ್ರಾನ್ಸೆಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ ಸವಾರಿಯನ್ನು ಕಲಿತು, ಆ ಕಲಿಕೆಯನ್ನು ಕುರಿತು 1895ರಲ್ಲಿ ಒಂದು ಚಿಕ್ಕ ಪುಸ್ತಕವನ್ನೇ ಪ್ರಕಟಿಸಿದರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಯಸ್ಸಾಯಿತೆಂದು ಹಿಂದೆಗೆಯುವವರು ಇದನ್ನು ನೆನೆಯಲಿ.

ನಮ್ಮ ದೇಶದ ದೃಷ್ಟಾಂತ ಇದಕ್ಕಿಂತಲೂ ಹತ್ತಿರವಾದುದು. 2006ರಲ್ಲಿ ಬಿಹಾರ ಸರಕಾರವು ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಬೈಸಿಕಲ್ಲು ಕೊಡಿಸಲು ತೊಡಗಿತು. ಇದರ ಫಲವನ್ನು ಪರೀಕ್ಷಿಸಿ ಕಾರ್ತಿಕ್ ಮುರಳೀಧರನ್, ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರು ನೂರಕ್ಕೆ 32ರಷ್ಟು ಹೆಚ್ಚಿದರು. ಈ ವೃದ್ಧಿಯು ಮುಖ್ಯವಾಗಿ ಶಾಲೆಗೆ 3 ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲಿ ಕಂಡುಬಂದಿತು. ನಮ್ಮ ಕರ್ನಾಟಕದಲ್ಲಿಯೂ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚಿದುದನ್ನು ವಾಚಕರು ಬಲ್ಲರು. ಹುಡುಗಿಯ ಓದು ನಿಲ್ಲುವುದಕ್ಕೆ ಎಷ್ಟೋ ಸಾರಿ ಬುದ್ಧಿಯ ಕೊರತೆಯಾಗಲಿ ಮನಸ್ಸಿನ ಕೊರತೆಯಾಗಲಿ ಕಾರಣವಲ್ಲ. ನಡುವಿನ ನಾಲ್ಕಾರು ಕಿಲೋಮೀಟರೇ ಕಾರಣ.

ಹೀಗಿರುವಾಗ ಬೈಸಿಕಲ್ಲನ್ನು ಕೊಡಿಸಿ ರಸ್ತೆಯನ್ನು ಕಲಿಸದೆ ಬಿಡುವುದು ಒಂದು ತಪ್ಪು. ರಸ್ತೆಗೆ ಹೆದರಿ ಬೈಸಿಕಲ್ಲನ್ನು ಗೋಡೆಗೆ ಒರಗಿಸಿಡುವುದು ಮತ್ತೊಂದು ತಪ್ಪು. ತಡೆಗೋಡೆ ಇಲ್ಲದ ಕಡೆ ಅದನ್ನು ಕಟ್ಟಿಸಬೇಕೆಂದು ಪಂಚಾಯಿತಿಯನ್ನೂ ಅಧಿಕಾರಿಗಳನ್ನೂ ಬಿಡದೆ ಕೇಳುವುದು ಹಿರಿಯರ ಕರ್ತವ್ಯ. ಅದು ಆಗುವ ತನಕ ಓದು ಕಾಯುವುದಿಲ್ಲ. ಮಗಳ ಸಂಗಡ ದಾರಿಯನ್ನು ನಡೆದು ನೋಡುವುದೂ ಹಿರಿಯರ ಕರ್ತವ್ಯವೇ.

ನಾವು ಆ ತಂದೆಗೆ ಕಡೆಗೆ ಬರೆದ ಕಾಗದದಲ್ಲಿ ಇಷ್ಟೇ ಇತ್ತು: “ಕಾಲೇಜು ತೆರೆಯುವ ಮೊದಲು ನೀವು ಮಗಳ ಜೊತೆಯಲ್ಲಿ ನಿಮ್ಮ ಬೈಸಿಕಲ್ಲಿನ ಮೇಲೆ ಆ ಆರು ಕಿಲೋಮೀಟರನ್ನು ಮೂರು ದಿನ ಹೋಗಿ ಬನ್ನಿರಿ. ಎಲ್ಲೆಲ್ಲಿ ನಿಮಗೆ ಭಯವಾಗುವುದೋ ಅಲ್ಲಲ್ಲಿ ಇಳಿದು ನಿಲ್ಲಿರಿ. ಅನಂತರ ನೀವೇ ನಿರ್ಧರಿಸಿರಿ.” ಒಂದು ತಿಂಗಳಾದ ಮೇಲೆ ಹುಡುಗಿಯಿಂದಲೇ ಉತ್ತರ ಬಂದಿತು. ಭಯವಾಗುವ ಸ್ಥಳಗಳು ಮೂರು ಸಿಕ್ಕಿದುವಂತೆ. ಎರಡು ಕಡೆ ಇಳಿದು ನಡೆಯುವುದೆಂದು ಗೊತ್ತುಮಾಡಿಕೊಂಡರಂತೆ. ಮೂರನೆಯದನ್ನು ತಪ್ಪಿಸಲು ಗದ್ದೆಯ ಬದಿಯ ಓಣಿಯಲ್ಲಿ ಸುತ್ತುದಾರಿಯನ್ನು ತಂದೆಯೇ ಹುಡುಕಿದರಂತೆ. ಅದರಿಂದ ಒಂದು ಕಿಲೋಮೀಟರು ಹೆಚ್ಚಾಯಿತು. “ಏಳು ಕಿಲೋಮೀಟರು ಆಗುತ್ತದೆ. ಆದರೂ ಬಸ್ಸಿಗಿಂತ ಮೊದಲೇ ಮನೆಗೆ ಬರುತ್ತೇನೆ. ಅಪ್ಪ ಈಗ ಸೇತುವೆಯ ತನಕ ಮಾತ್ರ ಬರುತ್ತಾರೆ” ಎಂದು ಬರೆದಿದ್ದಳು.

ನಮ್ಮ ಪಾಠದ ಸಾರವು ಈ ಕಾಗದದಲ್ಲಿಯೇ ಅಡಗಿದೆ. ಈ ಸಂಚಿಕೆಯನ್ನು ಓದುವ ತಂದೆತಾಯಿಗಳು ಬರುವ ರಜೆಯಲ್ಲಿ ತಮ್ಮ ಮಕ್ಕಳ ಸಂಗಡ ಒಂದು ಹೊಳೆಯ ದಂಡೆಯನ್ನೋ ಕೆರೆಯ ಏರಿಯನ್ನೋ ನಾಲೆಯ ಹಾದಿಯನ್ನೋ ಆರಿಸಿಕೊಂಡು ಹೊತ್ತು ಮೂಡುವ ವೇಳೆಗೆ ಹೊರಡಲಿ. ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ನಿರಾತಂಕವಾಗಿ ತುಳಿಯಬಹುದು ಎಂಬುದನ್ನು ಜೊತೆಯಲ್ಲಿಯೇ ಗುರುತುಮಾಡಿಕೊಳ್ಳಲಿ. ಬಳಿಕ ಮಕ್ಕಳು ಒಬ್ಬರೇ ಹೋಗುವ ದಿನ ಬಂದಾಗ ಸೇತುವೆಯ ತನಕ ಹೋಗಿ ಹಿಂದಿರುಗಿದರೆ ಸಾಕು.